ಮೊದಲು ಒಂದು ಮರದ ಪರಿಚಯ ಮಾಡಿಕೊಳ್ಳಿ

"ಪ್ರಕೃತಿಯೇ ನನ್ನ ದೇವರು" ಅನ್ನುವವರು ದಿನಾ ಸಿಗುತ್ತಾರೆ. ನಾನೂ ಹಾಗೆ ಹೇಳಿಕೊಂಡು ಓಡಾಡುತ್ತಿದ್ದವನೇ. ಒಂದು ದಿನ ಪಕ್ಕದ ಮನೆಯ ಪುಟ್ಟ ಹುಡುಗಿ, "ಅಂಕಲ್, ನಿಮ್ಮ ಗೇಟಿನ ಎದುರಿಗಿರೋದು ಯಾವ ಮರ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಅದರ ನೆರಳಲ್ಲೇ ಗಾಡಿ ನಿಲ್ಲಿಸುತ್ತಿದ್ದೆ. ಹೆಸರು ಗೊತ್ತಿಲ್ಲ, ಎಲೆ ಯಾವಾಗ ಉದುರಿಸುತ್ತದೆ ಗೊತ್ತಿಲ್ಲ, ಹೂ ಬಿಡುತ್ತದಾ ಅನ್ನೋದೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಅದರ ಕೆಳಗೆ ನಿಲ್ಲಿಸಿದರೆ ಹಕ್ಕಿ ಹಿಕ್ಕೆ ಗಾಡಿ ಮೇಲೆ ಬೀಳುತ್ತದೆ ಅಂತ.

ನಾಚಿಕೆಯಾಯಿತು. ಪ್ರಕೃತಿ ಅನ್ನುವ ದೊಡ್ಡ ಮಾತನ್ನು ಪಕ್ಕಕ್ಕಿಟ್ಟು ಒಂದು ಮರ, ಒಂದು ಕಿಟಕಿ, ಮನೆ ಮೇಲಿನ ಅಷ್ಟು ಆಕಾಶ, ಇಷ್ಟರ ಪರಿಚಯವಾದರೂ ಮಾಡಿಕೊಳ್ಳೋಣ, ಭಕ್ತಿ ಬರುವುದಾದರೆ ಆಮೇಲೆ ಬರಲಿ ಅಂತ ಹೊರಟೆ. ಹೇಗೆ ಶುರು ಮಾಡಬಹುದು, ಎಲ್ಲಿ ಎಡವುತ್ತೀರಿ, ಏನು ಮಾಡಬಾರದು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ದೇವರನ್ನು ನಂಬುವವರಿಗೂ ಆಗುತ್ತದೆ, ನಂಬದವರಿಗೂ ಆಗುತ್ತದೆ. ಖರ್ಚಿಲ್ಲ. ಸ್ಫಟಿಕ, ಅಗರಬತ್ತಿ, ವಾರಾಂತ್ಯದ ಶಿಬಿರ ಯಾವುದೂ ಬೇಡ.

ಜಾಗ ಹತ್ತಿರ ಇರಲಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಕಾಡಿಗೆ ಹೋಗಬೇಕು, ಬೆಟ್ಟ ಹತ್ತಬೇಕು, ಜಲಪಾತದ ಸದ್ದು ಕೇಳಬೇಕು ಅಂದುಕೊಂಡರೆ ವರ್ಷಕ್ಕೆ ಎರಡು ಸಲ ಹೋಗುತ್ತೀರಿ. ಎರಡು ಸಲದಲ್ಲಿ ಯಾರ ಪರಿಚಯ ಆಗುತ್ತದೆ ಹೇಳಿ? ಮನೆಯಿಂದ ಐದು ನಿಮಿಷದೊಳಗೆ ನಡೆದು ಹೋಗುವ ಜಾಗ ಆರಿಸಿ. ರಸ್ತೆ ಬದಿಯ ಮರ ಸಾಕು. ಖಾಲಿ ಸೈಟಿನ ಮೂಲೆ ಸಾಕು. ಹೊರಗೆ ಹೋಗಲಾಗದವರಿಗೆ ಬಾಲ್ಕನಿಯ ಒಂದು ಕುಂಡವೂ ನಡೆಯುತ್ತದೆ. ಜಾಗ ಚೆನ್ನಾಗಿರಲೇಬೇಕು ಅಂತೇನಿಲ್ಲ, ಫೋಟೋ ತೆಗೆಯಬೇಕು ಅನ್ನಿಸದ ಜಾಗವಾದರೆ ಇನ್ನೂ ಒಳ್ಳೆಯದು.

ದಿನಕ್ಕೆ ಹತ್ತು ನಿಮಿಷ. ಫೋನ್ ಮನೆಯಲ್ಲೇ ಬಿಟ್ಟು ಹೋಗಿ, ಜೇಬಿನಲ್ಲಿದ್ದರೂ ಅದು ಸುಮ್ನಿರುವುದಿಲ್ಲ. ಕಣ್ಣು ಮುಚ್ಚಿ ಧ್ಯಾನ ಮಾಡಬೇಡಿ. ಕಣ್ಣು ಮುಚ್ಚಿಕೊಳ್ಳುವುದಾದರೆ ಮರದ ಹತ್ತಿರ ಯಾಕೆ ಹೋಗಬೇಕು, ಮನೆಯಲ್ಲೇ ಕೂರಬಹುದಲ್ವಾ?

ಮೊದಲ ದಿನ ಮೂರನೇ ನಿಮಿಷಕ್ಕೆ ಬೇಜಾರಾಗುತ್ತದೆ. ಎಲ್ಲ ನೋಡಿಯಾಯಿತು ಅನ್ನಿಸುತ್ತದೆ. ಆಗ ಒಂದು ಕೆಲಸ ಮಾಡಿ. ತೊಗಟೆಯ ಮೇಲೆ ನಿಮ್ಮ ಅಂಗೈಯಷ್ಟು ಜಾಗ ಗುರುತಿಟ್ಟುಕೊಂಡು ಅದನ್ನು ಮಾತ್ರ ನೋಡಿ. ನನ್ನ ಮರದ ಆ ಅಂಗೈ ಜಾಗದಲ್ಲಿ ಏನಿತ್ತು ಗೊತ್ತಾ? ಒಂದು ಉದ್ದ ಸೀಳು. ಅದರೊಳಗೆ ಇರುವೆಗಳ ಎರಡು ಸಾಲು, ಒಂದು ಹತ್ತುವುದು, ಒಂದು ಇಳಿಯುವುದು. ಎದುರಾದಾಗ ಎರಡೂ ಅರೆಕ್ಷಣ ನಿಂತು ಮೀಸೆಯಿಂದ ಮುಟ್ಟಿ ನೋಡಿಕೊಂಡು ಮುಂದೆ ಹೋಗುತ್ತಿದ್ದವು. ನಾಲ್ಕನೇ ದಿನ ಕಂಡದ್ದು, ಇಳಿಯುವ ಇರುವೆಗಳ ಹೊಟ್ಟೆ ಹತ್ತುವವಕ್ಕಿಂತ ದಪ್ಪ, ಬೆಳಕು ಬಿದ್ದರೆ ಹೊಳೆಯುವಷ್ಟು ಉಬ್ಬಿತ್ತು. ಮೇಲೆ ಎಳೇ ಚಿಗುರಿಗೆ ಸಸ್ಯಹೇನು ಹತ್ತಿತ್ತು. ಅವು ಬಿಡುವ ಸಿಹಿ ರಸ ಕುಡಿದು ಬರುತ್ತಿದ್ದವು ಇವು. ಸೀಳಿನ ಪಕ್ಕ ಬೂದು ಬಣ್ಣದ ಒಂದು ಮಚ್ಚೆ ಇತ್ತು, ಸುಣ್ಣ ಸಿಡಿದಿದೆ ಅಂದುಕೊಂಡಿದ್ದೆ. ಅದು ಕಲ್ಲುಹೂ. ಅದು ಒಂದೇ ಜೀವ ಅಲ್ಲ, ಶಿಲೀಂಧ್ರ ಮತ್ತು ಪಾಚಿ ಸೇರಿ ನಡೆಸುವ ಸಂಸಾರ. ಅಂಗೈಯಷ್ಟು ಜಾಗದಲ್ಲಿ ಇಷ್ಟು ವ್ಯವಹಾರ. ಹತ್ತು ನಿಮಿಷ ಸಾಲದೇ ಹೋಯಿತು.

ಮರದ ಹೆಸರು ಹುಡುಕಿ. ಎಲೆಗಳು ಜೋಡಿಯಾಗಿ ಎದುರುಬದುರು ಬಂದಿವೆಯಾ, ಒಂದಾದ ಮೇಲೊಂದು ಬಂದಿವೆಯಾ, ಅಂಚಿನಲ್ಲಿ ಹಲ್ಲಿದೆಯಾ, ಕಿತ್ತರೆ ಹಾಲು ಬರುತ್ತದಾ ನೋಡಿ (ಬಂದರೆ ಕಣ್ಣಿಗೆ ಮುಟ್ಟಿಸಬೇಡಿ). ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳಿವೆ, ಆದರೆ ಅವು ತಪ್ಪೂ ಹೇಳುತ್ತವೆ. ಒಂದು ವಾರ ನೀವೇ ಒದ್ದಾಡಿ, ಆಮೇಲೆ ಕೇಳಿ. ನನ್ನ ಮರದ ಹೆಸರನ್ನು ಇಲ್ಲಿ ಹೇಳುವುದಿಲ್ಲ, ನಿಮ್ಮದು ಬೇರೆ.

ಇದೇನು ಹೊಸ ಖಯಾಲಿ ಅನ್ನುವವರಿಗೆ ಒಂದು ಮಾತು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ "ಶಿನ್ರಿನ್ ಯೋಕು" ಅಂತ ಒಂದು ಪದವನ್ನೇ ಹುಟ್ಟುಹಾಕಿತು. ಕಾಡಿನ ಸ್ನಾನ ಅಂತ ಅರ್ಥ. ನೀರಿಲ್ಲ, ಸೋಪಿಲ್ಲ, ಮರಗಳ ನಡುವೆ ನಿಧಾನಕ್ಕೆ ಓಡಾಡೋದಷ್ಟೇ. ಒಂದು ಸರ್ಕಾರಿ ಇಲಾಖೆ ಜನರಿಗೆ ಸುಮ್ನೆ ನಡೆಯಿರಿ ಅಂತ ಹೇಳಿತು ಅನ್ನೋದೇ ನನಗೆ ಖುಷಿಯ ವಿಷಯ.

ಸೂರ್ಯನನ್ನು ಮನೆಯೊಳಗೇ ಹಿಡಿಯಿರಿ

ಬಿಸಿಲು ಬೀಳುವ ಒಂದು ಕಿಟಕಿ ಇದ್ದರೆ ಸಾಕು. ವಾರಕ್ಕೊಂದು ದಿನ, ಗಡಿಯಾರದಲ್ಲಿ ಅದೇ ಹೊತ್ತಿಗೆ, ಕಿಟಕಿಯ ಮೂಲೆಯ ನೆರಳು ನೆಲದ ಮೇಲೋ ಗೋಡೆ ಮೇಲೋ ಎಲ್ಲಿ ಬಿದ್ದಿದೆ ನೋಡಿ ಒಂದು ಚೂರು ಟೇಪ್ ಅಂಟಿಸಿ, ತಾರೀಖು ಬರೆಯಿರಿ. ಮನೆಯವರು ಬೈಯುತ್ತಾರೆ. ಬೈಯಲಿ.

ಮೂರು ತಿಂಗಳಿಗೆ ಟೇಪಿನ ಚೂರುಗಳು ನಡೆಯಲು ಶುರು ಮಾಡಿರುತ್ತವೆ. ಮಾರ್ಚ್ 20ರ ಸುತ್ತಮುತ್ತ, ಸೆಪ್ಟೆಂಬರ್ 22ರ ಸುತ್ತಮುತ್ತ, ಅಂದರೆ ಹಗಲು ರಾತ್ರಿ ಸಮವಾಗುವ ಹೊತ್ತಿನಲ್ಲಿ, ಒಂದು ಚೂರಿಗೂ ಇನ್ನೊಂದಕ್ಕೂ ದೂರ ಜಾಸ್ತಿ. ಜೂನ್ 21 ಮತ್ತು ಡಿಸೆಂಬರ್ 21 ಹತ್ತಿರ ಬಂದಂತೆ ಚೂರುಗಳು ಒಂದರ ಮೈಮೇಲೊಂದು ಬೀಳುತ್ತವೆ, ಸೂರ್ಯ ನಿಂತೇಬಿಟ್ಟ ಅನ್ನಿಸುತ್ತದೆ, ಆಮೇಲೆ ಬಂದ ಕಡೆಗೇ ವಾಪಸ್. ಆ ದಿನಕ್ಕೆ ಲ್ಯಾಟಿನ್ ಭಾಷೆಯಲ್ಲಿ ಇರುವ ಹೆಸರಿಗೂ "ಸೂರ್ಯ ನಿಂತದ್ದು" ಅಂತಲೇ ಅರ್ಥ. ಭೂಮಿ 23.4 ಡಿಗ್ರಿ ವಾಲಿಕೊಂಡು ತಿರುಗುತ್ತದೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಆ ವಾಲು ನಿಮ್ಮ ಮನೆ ನೆಲದ ಮೇಲೆ ಟೇಪಿನಲ್ಲಿ ಅಂಟಿಕೊಂಡಿರುತ್ತದೆ.

ಐರ್ಲೆಂಡಿನಲ್ಲಿ ನ್ಯೂಗ್ರೇಂಜ್ ಅಂತ ಒಂದು ಕಲ್ಲಿನ ಸಮಾಧಿ ಇದೆ. ಸುಮಾರು 5200 ವರ್ಷ ಹಳೆಯದು, ಗೀಜಾದ ಪಿರಮಿಡ್‌ಗಳಿಗಿಂತ ಹಿರಿಯದು. ಬಾಗಿಲ ಮೇಲೆ ಒಂದು ಚಿಕ್ಕ ಕಿಂಡಿ. ವರ್ಷದ ಅತಿ ಚಿಕ್ಕ ಹಗಲಿನ ಆಸುಪಾಸಿನ ಕೆಲವೇ ಬೆಳಗುಗಳಲ್ಲಿ ಎಳೆ ಬಿಸಿಲು ಆ ಕಿಂಡಿಯಿಂದ ನುಗ್ಗಿ, ಉದ್ದ ಓಣಿ ದಾಟಿ, ಒಳಕೋಣೆಯನ್ನು ಬೆಳಗುತ್ತದೆ. ಸುಮಾರು 17 ನಿಮಿಷ. ಮೋಡ ಇದ್ದರೆ ಅದೂ ಇಲ್ಲ. ಅದನ್ನು ಕಟ್ಟಿದವರು ಏನು ನಂಬುತ್ತಿದ್ದರು ಅಂತ ಯಾರೂ ಬರೆದಿಟ್ಟಿಲ್ಲ, ಆದರೆ ಕಲ್ಲು ಎತ್ತುವ ಮೊದಲು ವರ್ಷಗಟ್ಟಲೆ ಬಿಸಿಲನ್ನು ಗುರುತು ಹಾಕಿಕೊಂಡಿರಲೇಬೇಕು ಅನ್ನೋದು ನನಗೆ ಖಾತ್ರಿ. ನನ್ನದು ಟೇಪು, ಅವರದ್ದು ಏನಿತ್ತೋ.

ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರಿನ ಆ ನಾಲ್ಕು ದಿನಗಳನ್ನು ನಿಮ್ಮದೇ ರೀತಿಯಲ್ಲಿ ಆಚರಿಸಿ. ನಾನು ಚಿಕ್ಕ ಹಗಲಿನ ಸಂಜೆ ಒಂದು ಗಂಟೆ ದೀಪ ಹಾಕದೆ ಕೂರುತ್ತೇನೆ, ಅಷ್ಟೇ. ಒಂದು ಎಚ್ಚರಿಕೆ, ಪರದೇಶದ ಹಬ್ಬದ ಕ್ಯಾಲೆಂಡರನ್ನು ಕಣ್ಣು ಮುಚ್ಚಿ ಅನುಸರಿಸಬೇಡಿ. ಭೂಮಿಯ ದಕ್ಷಿಣ ಭಾಗದಲ್ಲಿರುವವರಿಗೆ ಡಿಸೆಂಬರ್ 21 ಅತಿ ಉದ್ದದ ಹಗಲು. ನಿಮ್ಮ ಋತು ಯಾವುದು ಅಂತ ನಿಮ್ಮ ನೆಲವನ್ನೇ ಕೇಳಬೇಕು.

ಚಂದ್ರ ಹೇಳಿದ ಟೈಮಿಗೆ ಬರುವುದಿಲ್ಲ

ಒಂದು ಹುಣ್ಣಿಮೆ ಸಂಜೆ ಚಂದ್ರ ಮೇಲೇಳುವುದನ್ನು ನೋಡಿ ಮೈ ಜುಮ್ಮೆಂದಿತು. ಇಬ್ಬರು ಗೆಳೆಯರಿಗೆ ಫೋನ್ ಮಾಡಿ, "ನಾಳೆ ಇದೇ ಹೊತ್ತಿಗೆ ಟೆರೇಸಿಗೆ ಬನ್ನಿ, ಜನ್ಮದಲ್ಲಿ ಮರೆಯಲ್ಲ" ಅಂದೆ. ಬಂದರು. ಕತ್ತಲಾಯಿತು. ಚಂದ್ರ ಇಲ್ಲ. ಸೊಳ್ಳೆ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದವು. ಮುಕ್ಕಾಲು ಗಂಟೆ ಕಾದು ಒಬ್ಬ ಎದ್ದು ಹೋದ. ಅವನು ಮೆಟ್ಟಿಲಿಳಿದು ಗಾಡಿ ಸ್ಟಾರ್ಟ್ ಮಾಡುವಾಗ ಚಂದ್ರ ತಲೆ ತೂರಿಸಿತು.

ಆಮೇಲೆ ತಿಳಿದುಕೊಂಡೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತದೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಎದುರು ದಿಕ್ಕಿನಲ್ಲಿ ಮೂಡುತ್ತದೆ, ಆಮೇಲೆ ದಿನದಿನಕ್ಕೆ ತಡವಾಗುತ್ತಾ ಒಂದು ವಾರದ ಹೊತ್ತಿಗೆ ನಡುರಾತ್ರಿಯ ಸುಮಾರಿಗೆ ಬರುತ್ತದೆ, ಬೆಳಗಾದ ಮೇಲೂ ಆಕಾಶದಲ್ಲಿ ಉಳಿದಿರುತ್ತದೆ. ಒಂದು ಸುತ್ತು ಮುಗಿಯಲು ಇಪ್ಪತ್ತೊಂಬತ್ತೂವರೆ ದಿನ. ಒಂದು ತಿಂಗಳು ದಿನಾ ಎಲ್ಲಿದೆ ಅಂತ ಹುಡುಕಿ ನೋಡಿ. ಅಮಾವಾಸ್ಯೆಯಾದ ಎರಡು ಮೂರು ದಿನಕ್ಕೆ ಪಡುವಣದಲ್ಲಿ ಉಗುರಿನಂಥ ಗೆರೆ ಕಾಣುತ್ತದಲ್ಲ, ಆಗ ಅದರ ಕತ್ತಲ ಭಾಗವನ್ನೂ ಗಮನಿಸಿ, ಮಬ್ಬಾಗಿ ಪೂರ್ತಿ ದುಂಡಗೆ ಕಾಣುತ್ತದೆ. ಆ ಮಬ್ಬು ಬೆಳಕು ಸೂರ್ಯನಿಂದ ಭೂಮಿಗೆ ಬಂದು, ನಮ್ಮ ಸಮುದ್ರ ಮೋಡಗಳ ಮೇಲೆ ಬಿದ್ದು ಚಂದ್ರನಿಗೆ ಹೋಗಿ ತಿರುಗಿ ಬಂದದ್ದು. ಚಂದ್ರನ ಮೇಲೆ ಬಿದ್ದಿರುವ ನಮ್ಮ ಬೆಳದಿಂಗಳು. ಇದು ಗೊತ್ತಾದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಉಸಿರಿನ ಲೆಕ್ಕ

ಮರ ಯಾವುದರಿಂದ ಆಗಿದೆ ಅಂತ ಯಾರನ್ನಾದರೂ ಕೇಳಿ, ಮಣ್ಣಿನಿಂದ ಅನ್ನುತ್ತಾರೆ. ಯಾನ್ ವಾನ್ ಹೆಲ್ಮಾಂಟ್ ಅನ್ನುವ ವಿಜ್ಞಾನಿ ಇದನ್ನು ತೂಗಿಯೇ ನೋಡಿದ. 200 ಪೌಂಡ್ ಒಣ ಮಣ್ಣಿಗೆ 5 ಪೌಂಡಿನ ವಿಲೋ ಗಿಡ ನೆಟ್ಟು, ಐದು ವರ್ಷ ಬರೀ ನೀರು ಹಾಕಿ ಬೆಳೆಸಿದ. ಕೊನೆಗೆ ಮರ 169 ಪೌಂಡ್ ಆಗಿತ್ತು, ಅಂದರೆ ಸುಮಾರು 77 ಕಿಲೋ. ಮಣ್ಣು ಕಡಿಮೆಯಾಗಿದ್ದದ್ದು 2 ಔನ್ಸ್ ಮಾತ್ರ, 60 ಗ್ರಾಂ ಕೂಡ ಇಲ್ಲ. ಹಾಗಾದರೆ ಮರ ನೀರಿನಿಂದಲೇ ಆದದ್ದು ಅಂದುಕೊಂಡ, ಅವನು ತೀರಿಕೊಂಡ ಮೇಲೆ 1648ರಲ್ಲಿ ಅದು ಅಚ್ಚಾಯಿತು. ಅವನಿಗೆ ತಪ್ಪಿಹೋದದ್ದು ಗಾಳಿ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ, ಅದು ಬಂದದ್ದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ. ನಾವು ಹೊರಗೆ ಬಿಡುವುದೂ ಅದನ್ನೇ.

ಇದನ್ನು ತಲೆಯಲ್ಲಿಟ್ಟುಕೊಂಡು ಎಲೆ ಇರುವ ಮರದ ಹತ್ತಿರ ಹಗಲು ಹೊತ್ತಿನಲ್ಲಿ ನಿಂತು ಹತ್ತು ಉಸಿರು ನಿಧಾನಕ್ಕೆ ಬಿಡಿ. ಮಂತ್ರ ಬೇಡ, ಶಕ್ತಿ ಹರಿಯುತ್ತಿದೆ ಅಂತ ಊಹಿಸಿಕೊಳ್ಳುವುದೂ ಬೇಡ. ನನಗಂತೂ ಯಾವ ಪ್ರವಚನದಲ್ಲೂ ಆಗದ್ದು ಇಲ್ಲಿ ಆಯಿತು, ಎದುರಿಗಿರುವುದು ಗಟ್ಟಿಯಾದ ಗಾಳಿ ಅನ್ನಿಸಿ ಕೈ ತಾನಾಗೇ ತೊಗಟೆಯನ್ನು ಮುಟ್ಟಿತು.

ಥ್ಯಾಂಕ್ಸ್ ಹೇಳೋದು

ಉತ್ತರ ಅಮೆರಿಕದ ಮೂಲನಿವಾಸಿ ಹೊಡೆನೊಶೋನಿ ಜನ, ಇರೊಕ್ವಾ ಅಂತಲೂ ಕರೆಯುತ್ತಾರೆ, ಸಭೆ ಶುರು ಮಾಡುವ ಮೊದಲು ಒಂದು ದೊಡ್ಡ ಕೃತಜ್ಞತೆ ಹೇಳುತ್ತಾರೆ. ಜನ, ಭೂಮಿ, ನೀರು, ಮೀನು, ಗಿಡ, ಪ್ರಾಣಿ, ಮರ, ಹಕ್ಕಿ, ಗಾಳಿ, ಗುಡುಗು, ಸೂರ್ಯ, ಚಂದ್ರ, ನಕ್ಷತ್ರ, ಒಂದೊಂದಕ್ಕೂ ಪ್ರತ್ಯೇಕವಾಗಿ. ಬೇಡಿಕೆ ಒಂದೂ ಇಲ್ಲ. ಇದರಲ್ಲಿ ನನಗೆ ಹಿಡಿಸಿದ್ದು ಹೆಸರು ಹಿಡಿದು ಕರೆಯುವ ಕ್ರಮ. ಅವರ ಮಾತನ್ನು ಹಾಗೇ ಎತ್ತಿ ತಂದು ನಾವು ಹೇಳಿದರೆ ನಾಟಕವಾಗುತ್ತದೆ, ಕ್ರಮವನ್ನು ಕಲಿಯಬಹುದು.

ಮಾಡೋದು ಹೀಗೆ. ಬೆಳಿಗ್ಗೆ ಮೊದಲ ಲೋಟ ನೀರು ಕುಡಿಯುವ ಮುಂಚೆ ಆ ನೀರು ಎಲ್ಲಿಂದ ಬಂತೋ ಅದನ್ನು ಹೆಸರು ಹಿಡಿದು ನೆನೆಯಿರಿ. ಯಾವ ಹೊಳೆ, ಯಾವ ಕೆರೆ, ಎಷ್ಟು ಆಳದ ಕೊಳವೆಬಾವಿ? ಗೊತ್ತಿಲ್ಲದಿದ್ದರೆ ಅದನ್ನು ತಿಳಿದುಕೊಳ್ಳೋದೇ ಈ ವಾರದ ಸಾಧನೆ. ಹೇಳಿದಷ್ಟು ಸುಲಭ ಅಲ್ಲ, ನನ್ನ ನಲ್ಲಿಯ ನೀರಿನ ಜಾತಕ ಸಿಗಲು ಮೂರು ಕಡೆ ಅಲೆದೆ. ಆದರೆ ಒಮ್ಮೆ ಹೆಸರು ಗೊತ್ತಾದ ಮೇಲೆ ಲೋಟದಲ್ಲಿ ಅರ್ಧ ಉಳಿಸಿ ಚೆಲ್ಲಲು ಮನಸ್ಸು ಬರಲಿಲ್ಲ, ಮತ್ತೆ ಎಲ್ಲೋ ಮಳೆ ಸುದ್ದಿ ಬಂದರೆ ಆ ಕಡೆ ಬಿತ್ತಾ ಅಂತ ಮೊದಲು ನೋಡುವ ಹಾಗಾಯಿತು.

ನಾನು ಕಟ್ಟಿದ ದಾರ

ಇದು ನನ್ನ ದೊಡ್ಡ ತಪ್ಪು, ನೀವು ಮಾಡಬೇಡಿ. ಎರಡನೇ ವರ್ಷ ಮರದ ಮೇಲೆ ಪ್ರೀತಿ ಉಕ್ಕಿ ಒಂದು ಎಳೇ ಕೊಂಬೆಗೆ ಕೆಂಪು ದಾರ ಕಟ್ಟಿದೆ. ನೋಡಲು ಚೆನ್ನಾಗಿತ್ತು. ಆಮೇಲೆ ಎಲೆ ದಟ್ಟವಾಗಿ ಬಂದು ಮರೆತೇಹೋಯಿತು. ಒಂದೂವರೆ ವರ್ಷ ಬಿಟ್ಟು ಎಲೆ ಉದುರಿದಾಗ ನೋಡಿದರೆ ದಾರ ಕಾಣಿಸಲೇ ಇಲ್ಲ. ಕೊಂಬೆಯ ಸುತ್ತ ಒಂದು ಆಳವಾದ ಗೀರು, ಅದರ ಮೇಲೂ ಕೆಳಗೂ ತೊಗಟೆ ತುಟಿಯ ಹಾಗೆ ಊದಿಕೊಂಡಿತ್ತು. ದಾರ ಒಳಗೆ ಇತ್ತು, ನೈಲಾನು, ಕೊಳೆತಿರಲಿಲ್ಲ. ಮರದ ಆಹಾರ ಹರಿಯುವುದು ತೊಗಟೆಯ ಒಳಪದರದಲ್ಲಿ, ಅಲ್ಲಿಗೇ ನೇಣು ಬಿಗಿದಿದ್ದೆ. ಸಣ್ಣ ಕತ್ತರಿಯಲ್ಲಿ ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಗೀರು ಈಗಲೂ ಇದೆ.

ಜಪಾನಿನ ಶಿಂಟೋ ಗುಡಿಗಳಲ್ಲಿ ಪವಿತ್ರ ಮರದ ಬುಡಕ್ಕೆ ಹಗ್ಗ ಸುತ್ತುತ್ತಾರೆ, ಆದರೆ ಅದು ಹುಲ್ಲಿನದ್ದು, ಹಳೆಯದಾದರೆ ಬಿಚ್ಚಿ ಹೊಸದು ಹಾಕುತ್ತಾರೆ. ಅಲ್ಲಿ ನೋಡಿಕೊಳ್ಳುವ ಒಬ್ಬರು ಇರುತ್ತಾರೆ. ನನ್ನ ದಾರಕ್ಕೆ ಯಾರೂ ಇರಲಿಲ್ಲ.

ನಾಣ್ಯ ಎಸೆಯುವುದೂ ಇದೇ ಥರ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಮಾರ್ನಿಂಗ್ ಗ್ಲೋರಿ ಅನ್ನುವ ಬಿಸಿನೀರಿನ ಬುಗ್ಗೆ ಒಂದು ಕಾಲದಲ್ಲಿ ಅಚ್ಚ ನೀಲಿ ಇತ್ತು. ಬಂದವರೆಲ್ಲ ನಾಣ್ಯ, ಕಸ, ಕಲ್ಲು ಎಸೆದೂ ಎಸೆದೂ ಬಿಸಿನೀರು ಬರುವ ದಾರಿ ಕಟ್ಟಿಕೊಂಡು ನೀರು ತಣ್ಣಗಾಯಿತು, ತಣ್ಣಗಾದಲ್ಲಿ ಬೇರೆ ಬ್ಯಾಕ್ಟೀರಿಯಾ ಬೆಳೆದವು, ಅಂಚಿನಿಂದ ಹಳದಿ ಕಿತ್ತಳೆ ಬಣ್ಣ ಒಳಗೆ ಸರಿಯಿತು. ನಾಣ್ಯ ಎಸೆದವರು ಒಳ್ಳೆಯದಾಗಲಿ ಅಂತಲೇ ಎಸೆದಿರುತ್ತಾರೆ.

ಹಾಗಾದರೆ ಏನು ಕೊಡಬೇಕು? ಬೇಸಿಗೆಯಲ್ಲಿ ಒಂದು ಬಕೆಟ್ ನೀರು. ಬುಡದಲ್ಲಿ ಬಿದ್ದ ಪ್ಲಾಸ್ಟಿಕ್ ಹೆಕ್ಕುವ ಐದು ನಿಮಿಷ. ಉದುರಿದ ಎಲೆಯನ್ನು ಗುಡಿಸಿ ಸುಡದೆ ಅಲ್ಲೇ ಬಿಡುವುದು. ಬುಡದ ಸುತ್ತ ಕಾಂಕ್ರೀಟು ಕಟ್ಟಿದ್ದರೆ ಸ್ವಲ್ಪ ಒಡೆಸಲು ಓಡಾಡುವುದು. ಇದು ಪೂಜೆಯ ಹಾಗೆ ಕಾಣುವುದಿಲ್ಲ, ಕಾರ್ಪೊರೇಷನ್ ಕೆಲಸದ ಹಾಗೆ ಕಾಣುತ್ತದೆ. ಇರಲಿ.

ಬೇರೆಯವರದ್ದನ್ನು ಎರವಲು ಪಡೆಯುವಾಗ

ವೀಡಿಯೋಗಳಲ್ಲಿ ಮನೆ ಶುದ್ಧವಾಗಲಿ ಅಂತ ಬಿಳಿ ಸೇಜ್ ಅನ್ನುವ ಗಿಡದ ಎಲೆಯ ಕಟ್ಟು ಹೊಗೆಯಾಡಿಸುವುದನ್ನು ನೋಡಿರುತ್ತೀರಿ. ಆ ಗಿಡ ಸಹಜವಾಗಿ ಬೆಳೆಯುವುದು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದಕ್ಕಂಟಿದ ಮೆಕ್ಸಿಕೋದ ಭಾಗದಲ್ಲಿ ಮಾತ್ರ, ಅಲ್ಲಿನ ಮೂಲನಿವಾಸಿಗಳಿಗೆ ಅದು ಪವಿತ್ರ. ಜಗತ್ತಿಗೆಲ್ಲ ಮಾರಲು ಕಾಡಿನಿಂದ ಕದ್ದು ಕೊಯ್ಯುತ್ತಾರೆ. ಮನೆ ಶುದ್ಧ ಮಾಡಲು ಇನ್ನೊಬ್ಬರ ಬೆಟ್ಟ ಬೋಳಿಸುವುದು ಯಾವ ಲೆಕ್ಕ?

ಇನ್ನು ಕೆಲವರು ಹಳೆಯದೆಲ್ಲ ಸತ್ಯ, ಹೊಸದೆಲ್ಲ ಸುಳ್ಳು ಅಂದುಕೊಳ್ಳುತ್ತಾರೆ. ಯುರೋಪಿನ ಪೇಗನ್ ಗುಂಪುಗಳ, ಅಂದರೆ ಕ್ರೈಸ್ತ ಧರ್ಮಕ್ಕಿಂತ ಹಿಂದಿನ ಪ್ರಕೃತಿ ಪೂಜೆಯನ್ನು ಮತ್ತೆ ಹಿಡಿದವರ, ಎಂಟು ಹಬ್ಬಗಳ ವರ್ಷಚಕ್ರ ಇದೆಯಲ್ಲ, ಅದರ ಒಂದೊಂದು ಹಬ್ಬಕ್ಕೆ ಹಳೇ ಬೇರಿರಬಹುದು, ಆದರೆ ಎಂಟನ್ನೂ ಸೇರಿಸಿ ಒಂದು ಚಕ್ರ ಮಾಡಿದ್ದು ಇಪ್ಪತ್ತನೇ ಶತಮಾನದ ನಡುವೆ. ಅದರಿಂದ ಏನೂ ಕೆಟ್ಟಿಲ್ಲ, ಎಷ್ಟೋ ಜನ ಅದನ್ನು ಹಿಡಿದುಕೊಂಡೇ ಋತು ಗಮನಿಸಲು ಕಲಿತಿದ್ದಾರೆ. ನೀವು ಹುಟ್ಟಿದ ಧರ್ಮ ಬಿಡಬೇಕಾಗಿಯೂ ಇಲ್ಲ. ಇಥಿಯೋಪಿಯಾದ ಉತ್ತರದ ಎತ್ತರದ ನಾಡಿನಲ್ಲಿ ಸುತ್ತ ಎಲ್ಲ ಹೊಲವಾಗಿ ಹೋದರೂ ಚರ್ಚುಗಳ ಸುತ್ತ ಮಾತ್ರ ಹಳೇ ಕಾಡು ಉಳಿದಿದೆ, ಮೇಲಿನಿಂದ ನೋಡಿದರೆ ಕಂದು ಬಟ್ಟೆಗೆ ಹಸಿರು ಗುಂಡಿ ಹೊಲಿದ ಹಾಗೆ. ನಿಮ್ಮ ಹಿರಿಯರ ಪದ್ಧತಿಯಲ್ಲೂ ಇಂಥದ್ದು ಇದ್ದೇ ಇರುತ್ತದೆ, ಮೊದಲು ಅಲ್ಲಿ ಹುಡುಕಿ.

ಪರಿಚಯ ಗಟ್ಟಿಯಾದರೆ ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ನ್ಯೂಜಿಲೆಂಡಿನ ವಾಂಗನೂಯಿ ನದಿ ನೋಡಿ. "ನಾನೇ ನದಿ, ನದಿಯೇ ನಾನು" ಅಂತ ಅದರ ದಂಡೆಯ ಮೂಲನಿವಾಸಿ ಮಾವೊರಿ ಜನ ತಲೆಮಾರುಗಳಿಂದ ಹೇಳುತ್ತಾ ಬಂದರು, ಕೋರ್ಟು ಕಚೇರಿ ಹತ್ತಿ ಇಳಿದರು, 2017ರಲ್ಲಿ ಸಂಸತ್ತು ಆ ನದಿಯನ್ನು ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ ಅಂತ ಒಪ್ಪಿಕೊಂಡಿತು. ಅದರ ಪರವಾಗಿ ಮಾತಾಡಲು ಇಬ್ಬರು ಇದ್ದಾರೆ, ಒಬ್ಬರನ್ನು ಮಾವೊರಿಗಳು ಆರಿಸುತ್ತಾರೆ, ಒಬ್ಬರನ್ನು ಸರ್ಕಾರ.

ಚೆಂದ ಇಲ್ಲದ ದಿನ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪರಿಚಯವಾದ ಮೇಲೆ ಕಷ್ಟವೂ ನಿಮ್ಮದೇ. ಬುಡದಲ್ಲಿ ಸತ್ತ ಹಕ್ಕಿಮರಿ ಸಿಗುತ್ತದೆ, ಇರುವೆಗಳು ಆಗಲೇ ಕೆಲಸ ಶುರು ಮಾಡಿರುತ್ತವೆ, ನಿಮ್ಮ ಮೆಚ್ಚಿನ ಅದೇ ಎರಡು ಸಾಲು. ಎದ್ದು ಬರಬೇಡಿ, ನೋಡಿ. ಎಲ್ಲ ಒಳ್ಳೆಯದಕ್ಕೇ ಅಂತ ಸಮಾಧಾನ ಮಾಡಿಕೊಳ್ಳಲೂ ಬೇಡಿ.

ಹೋದ ವರ್ಷ ತಂತಿಗೆ ತಾಗುತ್ತದೆ ಅಂತ ಯಾರೋ ಬಂದು ನನ್ನ ಮರದ ಒಂದು ಬದಿಯನ್ನೇ ಕಡಿದು ಹೋದರು. ನಾನು ಮನೆಯಲ್ಲಿರಲಿಲ್ಲ. ಬಂದಾಗ ರಸ್ತೆ ತುಂಬ ಹಸಿ ಎಲೆ, ಹಸಿ ಕಟ್ಟಿಗೆ ವಾಸನೆ. ದಾರ ಕಟ್ಟಿದ್ದ ಕೊಂಬೆ ಉಳಿದಿತ್ತು, ಅಂಗೈ ಜಾಗವೂ ಉಳಿದಿತ್ತು, ಇರುವೆ ಇರಲಿಲ್ಲ. ಪಕ್ಕದ ಮನೆ ಹುಡುಗಿ ಬಂದು ನನ್ನ ಜೊತೆ ನಿಂತಳು. ಇಬ್ಬರೂ ಸೇರಿ ಕಡಿದ ಜಾಗದ ಉಂಗುರ ಎಣಿಸಲು ನೋಡಿದೆವು, ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿತು.

ಒಂದು ನೋಟ್‌ಬುಕ್ ಇಡಿ ಅಂತ ಹೇಳಲು ಮರೆತಿದ್ದೆ. ದಿನಕ್ಕೆ ಎರಡು ಸಾಲು, ಕಂಡದ್ದು ಮಾತ್ರ, ಅನ್ನಿಸಿದ್ದು ಬೇಡ. ವರ್ಷ ಕಳೆದ ಮೇಲೆ ಅದೇ ತಾರೀಖಿಗೆ ಹಳೆಯದನ್ನು ತಿರುವಿ ನೋಡಿ. ಇವತ್ತು ನಾನು ಬರೆದದ್ದು ಇಷ್ಟು: "ಮಂಗಳವಾರ. ಮೋಡ. ಕಡಿದ ಜಾಗದ ಕೆಳಗೆ ಹನ್ನೊಂದು ಚಿಗುರು, ಬೆರಳಿನಷ್ಟುದ್ದ. ಮೂರರಲ್ಲಿ ಸಸ್ಯಹೇನು. ಇರುವೆ ವಾಪಸ್ ಬಂದಿವೆ, ಒಂದೇ ಸಾಲು."